ಕೊಬ್ಬು ಹೇಳುವ ತೂಕದ ಮಷೀನು: ಮಕ್ಕಳಿರುವ ಮನೆಗೆ ಬೇಕಾ?

ತೂಕ ನೋಡಿಕೊಳ್ಳೋಕೆ ಅಂತಾದರೆ ಈ ಮಷೀನು ತಗೊಳ್ಳಿ, ಚೆನ್ನಾಗಿದೆ. ಮಕ್ಕಳ ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತ ತಿಳಿಯೋಕೆ ಅಂತಾದರೆ ಬೇಡ. ಆ ಕೆಲಸಕ್ಕೆ ನನ್ನ ಕೊರಳಲ್ಲಿ ದಿನವಿಡೀ ನೇತಾಡುವ ಇಂಚಿನ ಟೇಪೇ ವಾಸಿ. ಅವಸರ ಇದ್ದವರು ಇಷ್ಟು ಓದಿ ಹೋಗಬಹುದು. ಪುರುಸೊತ್ತು ಇದ್ದವರಿಗೆ ಯಾಕೆ ಅಂತ ಹೇಳುತ್ತೇನೆ.

ಬಳ್ಳಾರಿಯ ಬ್ರೂಸ್‌ಪೇಟೆ ಕಡೆ ನನ್ನದೊಂದು ಹೊಲಿಗೆ ಅಂಗಡಿ. ಮಕ್ಕಳ ಬಟ್ಟೆಯೇ ಜಾಸ್ತಿ. ಜೂನ್ ಬಂದರೆ ಯೂನಿಫಾರ್ಮು, ಹಬ್ಬ ಬಂದರೆ ಲಂಗ-ಬ್ಲೌಸು, ಮಿಕ್ಕ ದಿನ ಜೀನ್ಸ್ ಆಲ್ಟರೇಷನ್. ಜೀನ್ಸ್ ತಯಾರಾಗುವ ಊರಿನಲ್ಲೇ ಜೀನ್ಸ್ ಬಿಚ್ಚಿ ಹೊಲಿಸೋಕೆ ಇಷ್ಟು ಜನ ಬರುತ್ತಾರಲ್ಲ ಅಂತ ಒಮ್ಮೊಮ್ಮೆ ನಗು ಬರುತ್ತದೆ. ನಾನು ಓದಿದ್ದು ಹೋಮ್ ಸೈನ್ಸ್. ಮಕ್ಕಳ ಬೆಳವಣಿಗೆ ಬಗ್ಗೆ ಒಂದು ಪೇಪರ್ ಇತ್ತು. ಪರೀಕ್ಷೆ ಮುಗಿದ ಮೇಲೆ ಎಲ್ಲ ಮರೆತು ಹೋಗಬೇಕಿತ್ತು, ಆದರೆ ಈ ಕಸುಬು ಮರೆಯೋಕೆ ಬಿಡಲಿಲ್ಲ. ಒಂದೇ ಹುಡುಗಿಗೆ ಎಲ್‌ಕೆಜಿಯಿಂದ ಹತ್ತನೇ ಕ್ಲಾಸಿನವರೆಗೆ ಯೂನಿಫಾರ್ಮ್ ಹೊಲಿದವಳು ನಾನು. ನನ್ನ ಅಳತೆ ಪುಸ್ತಕ ತೆಗೆದರೆ ಮಕ್ಕಳ ಮೈ ಹೇಗೆ ಆಕಾರ ಬದಲಿಸುತ್ತದೆ ಅಂತ ಸಾಲುಸಾಲಾಗಿ ಕಾಣುತ್ತದೆ.

ಈಗ ಮಷೀನಿನ ವಿಷಯ. ಆನ್‌ಲೈನಿನಲ್ಲಿ ಹಬ್ಬದ ಸೇಲ್ ಇದ್ದಾಗ ಯಜಮಾನರು ತರಿಸಿದರು. ಸಾವಿರದ ಐನೂರರ ಒಳಗೆ ಬಂತು. ಕಪ್ಪು ಗಾಜು, ಮೇಲೆ ನಾಲ್ಕು ಕಡೆ ಸ್ಟೀಲ್ ಪಟ್ಟಿ, ಬ್ಲೂಟೂತಿನಿಂದ ಫೋನಿಗೆ ಕನೆಕ್ಟ್ ಆಗುತ್ತದೆ. ಬರಿಗಾಲಲ್ಲಿ ನಿಂತರೆ ತೂಕ, ಬಿಎಂಐ, ಕೊಬ್ಬು, ನೀರು, ಮೂಳೆ, ಮಾಂಸಖಂಡ, 'ದೇಹದ ವಯಸ್ಸು' ಅಂತ ಪಟ್ಟಿಯೇ ಬರುತ್ತದೆ. ಕಂಪನಿ ಹೆಸರು ಹಾಕುತ್ತಿಲ್ಲ. ಈ ಬೆಲೆಯ ಬೇರೆ ಮಷೀನುಗಳನ್ನೂ ನೆಂಟರ ಮನೆಗಳಲ್ಲಿ ಹತ್ತಿ ನೋಡಿದ್ದೇನೆ. ಬಣ್ಣ ಬೇರೆ, ಲೆಕ್ಕದ ರೀತಿ ಒಂದೇ.

ತೂಕದ ಬಗ್ಗೆ ತಕರಾರಿಲ್ಲ. ಪರೀಕ್ಷೆ ಮಾಡೋಕೆ ಒಂದು ಸುಲಭದ ದಾರಿ ಹೇಳುತ್ತೇನೆ. ಸೀಲ್ ಒಡೆಯದ ಗ್ಯಾಸ್ ಸಿಲಿಂಡರ್ ಇಡಿ. ಮನೆ ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆಜಿ ಇರುತ್ತದೆ, ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತಾರೆ. ಎರಡೂ ಕೂಡಿಸಿ ನೋಡಿ. ನನ್ನ ಮಷೀನು ನೂರು ಗ್ರಾಂ ಆಚೀಚೆ ಸರಿಯಾಗೇ ತೋರಿಸಿತು. ಆದರೆ ನೆಲ ಸಮ ಇರಬೇಕು. ನಮ್ಮ ಅಡುಗೆಮನೆಯಲ್ಲಿ ಹಳೇ ಶಹಾಬಾದ್ ಕಲ್ಲು, ಅಲ್ಲೊಂದು ಇಲ್ಲೊಂದು ತೂಕ ತೋರಿಸುತ್ತದೆ. ಅಂಗಡಿಯ ಟೈಲ್ಸ್ ಮೇಲೆ ಇಟ್ಟರೆ ಜಗಳವಿಲ್ಲ.

ಕೊಬ್ಬಿನ ಲೆಕ್ಕಕ್ಕೆ ಬಂದಾಗಲೇ ತೊಂದರೆ ಶುರು.

ಈ ಮಷೀನು ಕೊಬ್ಬನ್ನು ಅಳೆಯುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಆದರೆ ಅದು ಅಳೆಯೋದೇ ಇಲ್ಲ. ಒಂದು ಪಾದದಿಂದ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಬಿಡುತ್ತದೆ, ಅದು ಕಾಲು ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ನೀರಿರುವ ಕಡೆ ಕರೆಂಟು ಸಲೀಸಾಗಿ ಹೋಗುತ್ತದೆ. ಮಾಂಸಖಂಡದಲ್ಲಿ ನೀರು ಜಾಸ್ತಿ, ಕೊಬ್ಬಿನಲ್ಲಿ ಕಡಿಮೆ. ಕರೆಂಟಿಗೆ ಎಷ್ಟು ಅಡ್ಡಿಯಾಯಿತು ಅಂತ ಮಷೀನು ನೋಡುತ್ತದೆ. ಅದಕ್ಕೆ ನೀವು ಕೊಟ್ಟ ಎತ್ತರ, ವಯಸ್ಸು, ಹೆಣ್ಣಾ ಗಂಡಾ ಅನ್ನೋದನ್ನು ಸೇರಿಸುತ್ತದೆ. ಆಮೇಲೆ ಒಂದು ಸೂತ್ರಕ್ಕೆ ಹಾಕಿ ಅಂದಾಜು ಹೇಳುತ್ತದೆ. ಆ ಸೂತ್ರ ದೊಡ್ಡವರ ಮೈ ನೋಡಿ ಮಾಡಿದ್ದು. ಮಕ್ಕಳ ಮೈಯೇ ಬೇರೆ. ಕೊಬ್ಬು ಬಿಟ್ಟು ಉಳಿದ ಮೈಯಲ್ಲಿ ಹುಟ್ಟಿದ ಕೂಸಿಗೆ ನೂರಕ್ಕೆ 80ರಷ್ಟು ನೀರು, ದೊಡ್ಡವರಿಗೆ 73ರಷ್ಟು. ಬೆಳೆಯುತ್ತಾ ನಿಧಾನಕ್ಕೆ ಇಳಿದು ಅಲ್ಲಿಗೆ ಬರುತ್ತದೆ. ನಡುವಿನ ವಯಸ್ಸಿನವರನ್ನು ದೊಡ್ಡವರ ಸೂತ್ರಕ್ಕೆ ಹಾಕಿದರೆ ಉತ್ತರ ಹೇಗೆ ಸರಿ ಬರಬೇಕು?

ಇನ್ನೊಂದು ದೊಡ್ಡ ಕೊರತೆ ಇದೆ. ಕರೆಂಟು ಓಡಾಡೋದು ಹೆಚ್ಚಾಗಿ ಕಾಲುಗಳಲ್ಲಿ, ಹೊಟ್ಟೆಯ ಕೆಳಭಾಗದಲ್ಲಿ. ಕೊಬ್ಬು ತೋಳಿನಲ್ಲಿದೆಯಾ, ಬೆನ್ನಿನಲ್ಲಿದೆಯಾ, ತೊಡೆಯಲ್ಲಿದೆಯಾ, ಹೊಟ್ಟೆಯಲ್ಲಿದೆಯಾ ಅಂತ ಇದು ಹೇಳಲಾರದು. ಒಂದೇ ಒಂದು ನಂಬರ್ ಕೊಡುತ್ತದೆ. ಬೆಳೆಯುವ ಮಕ್ಕಳಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆಯೇ ಕೊಬ್ಬು ಎಲ್ಲಿದೆ ಅನ್ನೋದು.

ನಮ್ಮ ಬಿಸಿಲಿನ ಊರಿನವರಿಗೆ ಒಂದು ಮಾತು. ಒಡೆದ ಹಿಮ್ಮಡಿ, ಒಣಗಿದ ಪಾದ ಇಟ್ಟರೆ ಕರೆಂಟು ಸರಿಯಾಗಿ ಒಳಗೆ ಹೋಗೋದೇ ಇಲ್ಲ. ಒಂದೋ ಎರರ್ ಬರುತ್ತದೆ, ಇಲ್ಲ ಕೊಬ್ಬು ಜಾಸ್ತಿ ತೋರಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಪಾದ ಒರೆಸಿಕೊಂಡು ಹತ್ತಿ. ಬೆಳಿಗ್ಗೆ ಎದ್ದ ತಕ್ಷಣ ಒಂದು, ಸಂಜೆ ಒಂದು ಬರುತ್ತದೆ. ನನ್ನ ಮಗಳಿಗೆ ಒಂದೇ ದಿನ ಕೊಬ್ಬು ಬೆಳಿಗ್ಗೆ ನೂರಕ್ಕೆ 29, ಸಂಜೆ 26 ತೋರಿಸಿತ್ತು. ಆ ಹೊತ್ತಿನಲ್ಲಿ ಅವಳು ಸ್ಕೂಲಿಗೆ ಹೋಗಿ ಬಂದಿದ್ದಳು, ಅಷ್ಟೇ.

ಮನೆಯಲ್ಲಿ ಇದರಿಂದ ಏನೇನಾಯಿತು ಅಂತ ಹೇಳಿದರೆ ವಿಷಯ ಸಲೀಸಾಗಿ ಅರ್ಥವಾಗುತ್ತದೆ.

ಮಗನಿಗೆ ಆರು ವರ್ಷ. 45 ಇಂಚು ಎತ್ತರ, 20 ಕೆಜಿ. ಬಿಎಂಐ ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸೋದು. ಅವನದು 15 ಚಿಲ್ಲರೆ ಬಂತು. ಆ್ಯಪು ಕೆಂಪು ಬಣ್ಣದಲ್ಲಿ 'ತೂಕ ತೀರಾ ಕಡಿಮೆ' ಅಂತ ಹೇಳಿತು. ದೊಡ್ಡವರಿಗೆ 18.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕ, ಅದನ್ನೇ ಇವನಿಗೂ ಹಚ್ಚಿದೆ. ಆರು ವರ್ಷದ ಹುಡುಗನಿಗೆ 15 ಅನ್ನೋದು ನಟ್ಟನಡುವಿನ ಅಂಕಿ. ಅತ್ತೆಗೆ ಇದೆಲ್ಲ ಬೇಕಾ? "ನೋಡವ್ವಾ, ಮಷೀನೇ ಹೇಳ್ತೈತೆ ಕೂಸು ಒಣಗೈತೆ ಅಂತ. ನಾ ಹೇಳಿದ್ರೆ ಕೇಳಲ್ಲ ನೀನು," ಅಂತ ರೊಟ್ಟಿ ಮೇಲೆ ಬೆಣ್ಣೆ ಗುಡ್ಡೆ ಹಾಕೋಕೆ ಶುರು ಮಾಡಿದರು. ಹುಡುಗ ಬೆಣ್ಣೆ ನೆಕ್ಕಿ ರೊಟ್ಟಿ ಬಿಡುತ್ತಿದ್ದ.

ತಂಗಿ ಸಿರುಗುಪ್ಪದಲ್ಲಿದ್ದಾಳೆ. ರಜೆಗೆ ಬಂದಾಗ ಅವಳ ಮಗನೂ ಮಷೀನು ಹತ್ತಿದ. ಹತ್ತು ವರ್ಷ, 54 ಇಂಚು, 42 ಕೆಜಿ. ಬಿಎಂಐ 22. ದೊಡ್ಡವರ ಲೆಕ್ಕದಲ್ಲಿ 22 ಒಳ್ಳೆಯದಲ್ವಾ? ಹಸಿರು ಬಣ್ಣದಲ್ಲಿ 'ಆರೋಗ್ಯಕರ' ಅಂತ ಬಂತು. ತಂಗಿಗೆ ಖುಷಿಯೋ ಖುಷಿ. ಹತ್ತು ವರ್ಷದ ಹುಡುಗನಿಗೆ 22 ತೀರಾ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆ ವಯಸ್ಸಿಗೆ ಬೊಜ್ಜಿನ ಗೆರೆ 21.4ರ ಹತ್ತಿರವೇ ಇದೆ. ಸರಿಯಾಗಿ ಬೆಳೆಯುತ್ತಿರುವ ಹುಡುಗನಿಗೆ ಕೆಂಪು, ಗಮನ ಕೊಡಬೇಕಾದ ಹುಡುಗನಿಗೆ ಹಸಿರು. ಇಂಥ ಆ್ಯಪಿಗೆ ಏನು ಹೇಳೋದು?

ಮಗಳ ವಿಷಯ ಇನ್ನೂ ಬೇಸರದ್ದು. ಅವಳಿಗೆ ಹನ್ನೆರಡು. 58 ಇಂಚು, 41 ಕೆಜಿ. ಕೊಬ್ಬು ಜಾಸ್ತಿ ಅಂತ ಕಿತ್ತಳೆ ಬಣ್ಣ ಬಂತು. ಅವತ್ತಿನಿಂದ ರಾತ್ರಿ ಊಟಕ್ಕೆ ಕರೆದರೆ "ಹಸಿವಿಲ್ಲಮ್ಮ" ಅನ್ನೋಕೆ ಶುರು. ಫೋನು ತೆಗೆದು ನೋಡಿದರೆ ಪ್ರತಿದಿನದ ಕೊಬ್ಬಿನ ಗ್ರಾಫು. ಒಂದು ಪಾಯಿಂಟ್ ಇಳಿದರೆ ಆ್ಯಪು ಪಟಾಕಿ ಹಾರಿಸಿ ಶಭಾಷ್ ಅನ್ನುತ್ತದೆ. ಹನ್ನೆರಡು ವರ್ಷದ ಹುಡುಗಿಗೆ! ಡಬ್ಬಿಯ ಮೇಲೆ ಅಪ್ಪ, ಅಮ್ಮ, ಮಗಳು ನಗುತ್ತಾ ನಿಂತಿರುವ ಫೋಟೋ ಇದೆ. ಒಳಗಿನ ಚೀಟಿಯಲ್ಲಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣಗೆ, ಕೊಬ್ಬಿನ ಲೆಕ್ಕ 18 ವರ್ಷ ತುಂಬಿದವರಿಗೆ ಮಾತ್ರ ಅಂತ ಬರೆದಿದೆ. ಹಾಗಿದ್ದರೆ ಆ್ಯಪು ಹನ್ನೆರಡು ಅಂತ ವಯಸ್ಸು ಹಾಕಿದಾಗ ಯಾಕೆ ತಡೆಯಲಿಲ್ಲ?

ಅವಳನ್ನು ಕೂರಿಸಿಕೊಂಡು ಅಳತೆ ಪುಸ್ತಕ ತೆಗೆದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಈ ಮಷೀನು ಕೊಳ್ಳುವ ಪ್ರತಿ ಅಮ್ಮನಿಗೂ ಇದು ಗೊತ್ತಿರಬೇಕು.

ಹುಟ್ಟುವಾಗಲೇ ಮನುಷ್ಯರ ಕೂಸಿನಲ್ಲಿ ಕೊಬ್ಬು ಜಾಸ್ತಿ. ತೂಕದಲ್ಲಿ ನೂರಕ್ಕೆ ಹನ್ನೆರಡರಿಂದ ಹದಿನೈದರಷ್ಟು. ಬೇರೆ ಪ್ರಾಣಿಗಳ ಮರಿಗಳಲ್ಲಿ ಇಷ್ಟು ಇರೋದು ಅಪರೂಪ. ಆಮೇಲೆ ಐದಾರು ತಿಂಗಳಲ್ಲಿ ಅದು ಹತ್ತಿರಹತ್ತಿರ ಎರಡರಷ್ಟಾಗುತ್ತದೆ, ನೂರಕ್ಕೆ 25ರ ಆಸುಪಾಸು. ಅದರಲ್ಲಿ ಜಾಸ್ತಿ ಪಾಲು ಚರ್ಮದ ಕೆಳಗೇ ಇರುತ್ತದೆ. ಮಣಿಕಟ್ಟಿನಲ್ಲಿ ದಾರ ಕಟ್ಟಿದ ಹಾಗೆ ಗೆರೆ, ತೊಡೆಯಲ್ಲಿ ಮಡಿಕೆ. ಕೆನ್ನೆಯೊಳಗೆ ಬೇರೆಯೇ ಒಂದು ಕೊಬ್ಬಿನ ಗಂಟು ಇರುತ್ತದೆ, ಹಾಲು ಚೀಪುವಾಗ ಕೆನ್ನೆ ಒಳಗೆ ಹೋಗದ ಹಾಗೆ ಅದು ತಡೆಯುತ್ತದೆ. ಭುಜದ ಮೂಳೆಗಳ ನಡುವೆ, ಕುತ್ತಿಗೆಯಲ್ಲಿ, ಮೂತ್ರಪಿಂಡದ ಸುತ್ತ ಕಂದು ಬಣ್ಣದ ಕೊಬ್ಬು ಇರುತ್ತದೆ. ಅದರ ಕೆಲಸ ಉರಿದು ಶಾಖ ಕೊಡೋದು. ಎಳೇ ಕೂಸಿಗೆ ನಮ್ಮ ಹಾಗೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳೋಕೆ ಸರಿಯಾಗಿ ಬರೋದಿಲ್ಲ. ಪಾದದ ಕೆಳಗೂ ಕೊಬ್ಬಿನ ದಿಂಬು. ಅದಕ್ಕೇ ಎಳೇ ಮಕ್ಕಳ ಪಾದ ಚಪ್ಪಟೆ ಕಾಣುತ್ತದೆ. ಕಮಾನು ಕಾಣಿಸಿಕೊಳ್ಳೋದು ಬಹಳ ನಿಧಾನಕ್ಕೆ, ಕೆಲವರಿಗೆ ಐದಾರು ವರ್ಷ ಆಗುತ್ತದೆ. ಎರಡು ವರ್ಷದ ಮಗುವಿಗೆ ಚಪ್ಪಟೆ ಪಾದ ಅಂತ ವಿಶೇಷ ಚಪ್ಪಲಿಗೆ ಓಡುವವರು ಸ್ವಲ್ಪ ತಡೆದುಕೊಳ್ಳಬಹುದು.

ಈ ವಯಸ್ಸಿಗೆ ಹೊಲಿಯೋದು ಸುಲಭವೂ ಹೌದು, ಕಷ್ಟವೂ ಹೌದು. ಎದೆ, ಹೊಟ್ಟೆ, ಹಿಪ್ಪು ಮೂರೂ ಹೆಚ್ಚುಕಮ್ಮಿ ಒಂದೇ ಅಳತೆ, ನೇರ ಗೆರೆ ಹಾಕಿ ಕತ್ತರಿಸಿದರೆ ಮುಗಿಯಿತು. ಕಷ್ಟ ಇರೋದು ತಲೆಯಲ್ಲಿ. ಒಂದು ವರ್ಷದವರೆಗೆ ತಲೆಯ ಸುತ್ತಳತೆ ಎದೆಯ ಸುತ್ತಳತೆಗಿಂತ ದೊಡ್ಡದು ಅಥವಾ ಸಮ. ಕೊರಳು ಬಿಗಿಯಾಗಿ ಕತ್ತರಿಸಿದರೆ ಬಟ್ಟೆ ಒಳಗೆ ಹೋಗೋದೇ ಇಲ್ಲ. ಹೊಸಬರು ಇದರಲ್ಲೇ ಎಡವುತ್ತಾರೆ.

ಒಂದರಿಂದ ಐದು ವರ್ಷದವರೆಗೆ ನನ್ನ ಪುಸ್ತಕದಲ್ಲಿ ಒಂದು ಮಜಾ ಕಾಣುತ್ತದೆ. ಅಂಗಿಯ ಉದ್ದ ಓಡುತ್ತದೆ, ಕೈಯ ಉದ್ದ ಓಡುತ್ತದೆ, ತೋಳಿನ ಸುತ್ತಳತೆ ಮಾತ್ರ ಇದ್ದಲ್ಲೇ ಇರುತ್ತದೆ. ಹೆಚ್ಚೆಂದರೆ ಅರ್ಧ ಇಂಚು. ತೋಳು ಬೆಳೆಯುತ್ತಿಲ್ಲ ಅಂತಲ್ಲ. ಎಳೆತನದ ಕೊಬ್ಬು ಕರಗುತ್ತದೆ, ಆ ಜಾಗಕ್ಕೆ ಮಾಂಸಖಂಡ, ಮೂಳೆ ಬರುತ್ತದೆ. ಅಂಗನವಾಡಿಯಲ್ಲಿ ಮಕ್ಕಳ ತೋಳಿಗೆ ಕೆಂಪು, ಹಳದಿ, ಹಸಿರು ಪಟ್ಟಿಯ ಟೇಪು ಸುತ್ತುತ್ತಾರಲ್ಲ, ಅದು ನಡೆಯೋದು ಇದೇ ಕಾರಣಕ್ಕೆ. ಆರು ತಿಂಗಳಿಂದ ಐದು ವರ್ಷದವರೆಗೆ ಎಲ್ಲರಿಗೂ ಒಂದೇ ಗೆರೆ, 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ವಯಸ್ಸು ಸರಿಯಾಗಿ ಗೊತ್ತಿಲ್ಲದಿದ್ದರೂ ಕೆಲಸ ಆಗುತ್ತದೆ. ಕರೆಂಟೂ ಇಲ್ಲ, ಆ್ಯಪೂ ಇಲ್ಲ.

ಐದಾರು ವರ್ಷಕ್ಕೆ ಮಕ್ಕಳು ಬದುಕಿನಲ್ಲೇ ತೀರಾ ತೆಳ್ಳಗೆ ಕಾಣುತ್ತಾರೆ. ಪಕ್ಕೆಲುಬು ಎಣಿಸಬಹುದು, ಮೊಣಕಾಲಿನ ಗಂಟು ಎದ್ದು ಕಾಣುತ್ತದೆ. ಊರಿನ ಅಜ್ಜಿಯರೆಲ್ಲ ಸೊರಗಿದ, ದೃಷ್ಟಿಯಾಗಿದೆ ಅಂತ ಉಪ್ಪು-ಮೆಣಸಿನಕಾಯಿ ನಿವಾಳಿಸೋದು ಈ ವಯಸ್ಸಿನಲ್ಲೇ. ಮಗುವಿನ ಬಿಎಂಐ ಮೊದಲ ವರ್ಷದಲ್ಲಿ ಏರಿ, ಆಮೇಲೆ ಇಳಿಯುತ್ತಾ ಬಂದು, ಐದಾರು ವರ್ಷಕ್ಕೆ ತಳ ಮುಟ್ಟಿ, ಮತ್ತೆ ಏರೋಕೆ ಶುರುವಾಗುತ್ತದೆ. 1984ರಲ್ಲಿ ಫ್ರಾನ್ಸಿನ ಮರಿ ಫ್ರಾನ್ಸ್ವಾಸ್ ರೊಲ್ಲಾಂ-ಕಶೆರಾ ಅನ್ನುವವರು ತಮ್ಮ ಜೊತೆಗಾರರ ಜೊತೆ ಸೇರಿ ಈ ತಿರುವಿನ ಬಗ್ಗೆ ಬರೆದರು. ತಿರುವು ಬೇಗ, ಐದೂವರೆ ವರ್ಷಕ್ಕೂ ಮೊದಲೇ ಬಂದ ಮಕ್ಕಳು ಮುಂದೆ ದಪ್ಪಗಾಗುವ ಸಾಧ್ಯತೆ ಜಾಸ್ತಿ ಅಂತ ಅವರು ಕಂಡರು. ಅಂದರೆ ಆರು ವರ್ಷದಲ್ಲಿ ತೆಳ್ಳಗಿರೋದು ಕಾಯಿಲೆಯಲ್ಲ, ಬೆಳವಣಿಗೆಯ ಒಂದು ಮೆಟ್ಟಿಲು. ನಾಲ್ಕು ವರ್ಷಕ್ಕೇ ಅಡ್ಡಡ್ಡ ಬೆಳೆಯೋಕೆ ಶುರು ಮಾಡಿದ ಮಗುವನ್ನು 'ಗುಂಡುಗುಂಡಗೆ ಮುದ್ದಾಗಿದೆ' ಅಂತ ಬಿಡಬಾರದು. ನನ್ನ ಮಗ ಈಗ ತಳದಲ್ಲಿದ್ದಾನೆ. ಅತ್ತೆಗೆ ಇದನ್ನು ಹೇಳಿದೆ. ಬೆಣ್ಣೆ ಕಡಿಮೆಯಾಗಲಿಲ್ಲ, ಆ ಮಾತು ಬೇರೆ.

ಏಳೆಂಟರಿಂದ ಮೈ ಮತ್ತೆ ತುಂಬಿಕೊಳ್ಳುತ್ತದೆ. ಹತ್ತರ ಹೊತ್ತಿಗೆ ಕೆಲವು ಗಂಡುಹುಡುಗರು ಎತ್ತರ ಓಡುವ ಮೊದಲು ಸ್ವಲ್ಪ ದಪ್ಪಗಾಗುತ್ತಾರೆ, ಚಡ್ಡಿಯ ಸೊಂಟ ಬಿಚ್ಚಿಸೋಕೆ ಬರುತ್ತಾರೆ. ಎತ್ತರ ಓಡಿದ ಮೇಲೆ ಅವರಲ್ಲಿ ತುಂಬಾ ಜನಕ್ಕೆ ಅದೇ ಸೊಂಟ ಲೂಸ್ ಆಗುತ್ತದೆ.

ಆಮೇಲೆ ದಾರಿ ಎರಡಾಗುತ್ತದೆ. ನನ್ನ ಕತ್ತರಿಗೆ ಕೆಲಸ ಹೆಚ್ಚೋದೂ ಅಲ್ಲೇ. ಹೆಣ್ಣುಮಕ್ಕಳಿಗೆ ಹತ್ತು-ಹನ್ನೊಂದರಿಂದ ಈಸ್ಟ್ರೋಜನ್ ಅನ್ನುವ ಹಾರ್ಮೋನು ಏರುತ್ತದೆ. ಕೊಬ್ಬು ಹಿಪ್ಪು, ತೊಡೆ, ಎದೆಗೆ ಸೇರುತ್ತದೆ. ಸೊಂಟ ಅಷ್ಟು ಬೆಳೆಯೋದಿಲ್ಲ, ಹಿಪ್ಪು ಬೆಳೆಯುತ್ತದೆ. ಮೈತುಂಬ ಲೆಕ್ಕ ಹಾಕಿದರೆ ಕೊಬ್ಬಿನ ಪಾಲೂ ಏರುತ್ತದೆ. ಬೆಳವಣಿಗೆ ಮುಗಿಯುವ ಹೊತ್ತಿಗೆ ನೂರಕ್ಕೆ 25ರ ಆಸುಪಾಸು ಇರೋದು ಸಹಜ. ಗಂಡುಹುಡುಗರಿಗೆ ಟೆಸ್ಟೋಸ್ಟೆರೋನ್ ಅನ್ನುವ ಹಾರ್ಮೋನು ಬಂದು ಮಾಂಸಖಂಡ, ಮೂಳೆ ಜೋರಾಗಿ ಬೆಳೆಯುತ್ತದೆ. ಭುಜ ಅಗಲವಾಗುತ್ತದೆ, ಕೈಕಾಲಿನ ಕೊಬ್ಬು ಇಳಿಯುತ್ತದೆ, ಒಟ್ಟು ಕೊಬ್ಬಿನ ಪಾಲು ಇಳಿದು 12-15ರ ಹತ್ತಿರ ಬರುತ್ತದೆ. ಉಳಿದ ಕೊಬ್ಬು ಕೈಕಾಲಿಗಿಂತ ಎದೆ, ಬೆನ್ನು, ಹೊಟ್ಟೆಯ ಕಡೆ ಕೂರುತ್ತದೆ. ನಡುವೆ ಕೆಲವು ಹುಡುಗರಿಗೆ ಎದೆಯ ಹತ್ತಿರ ಸಣ್ಣ ಗಂಟಿನ ಹಾಗೆ ಉಬ್ಬೋದೂ ಉಂಟು. ಅಳತೆ ಕೊಡುವಾಗ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ, ಪಾಪ. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತದೆ. ಅಂಥವರಿಗೆ ನಾನು ಅಂಗಿ ಒಂದಿಂಚು ಲೂಸ್ ಬಿಟ್ಟು, ಜೇಬು ಎದೆಯ ಮೇಲೆ ಸರಿಯಾಗಿ ಕೂರಿಸಿ ಹೊಲಿಯುತ್ತೇನೆ. ಏನೂ ಕೇಳೋದಿಲ್ಲ.

ಮಗಳಿಗೆ ಹೇಳಿದ್ದು ಇದು. ಹೋದ ವರ್ಷದ ನಿನ್ನ ಅಳತೆ ನೋಡು, ಸೊಂಟ 24, ಹಿಪ್ಪು 28. ಈ ವರ್ಷ ಸೊಂಟ 25, ಹಿಪ್ಪು 31 ದಾಟಿದೆ. ಸೊಂಟ ಒಂದಿಂಚು ಹೋದರೆ ಹಿಪ್ಪು ಮೂರಿಂಚು ಹೋಗಿದೆ. ನಿನ್ನ ಕ್ಲಾಸಿನ ಹುಡುಗಿಯರ ಅಳತೆಯೆಲ್ಲ ಇದೇ ಪುಸ್ತಕದಲ್ಲಿದೆ, ಹೆಸರು ಮುಚ್ಚಿ ತೋರಿಸುತ್ತೇನೆ, ಎಲ್ಲರದ್ದೂ ಇದೇ ಕಥೆ. ಇದನ್ನು ಜಾಸ್ತಿ ಕೊಬ್ಬು ಅಂತ ಕಿತ್ತಳೆ ಬಣ್ಣ ಹಚ್ಚುವ ಮಷೀನಿಗೆ ನಿನ್ನ ವಯಸ್ಸೇ ಅರ್ಥವಾಗಿಲ್ಲ. ಅವಳು ಪೂರ್ತಿ ನಂಬಿದಳು ಅಂತ ಹೇಳಲಾರೆ. ಆದರೆ ಹೆಸರು ಮುಚ್ಚಿದ ಅಳತೆಗಳನ್ನು ಬೆರಳಿಟ್ಟು ಓದಿದಳು, ಆ ರಾತ್ರಿ ಊಟಕ್ಕೆ ಬಂದಳು.

ಇಲ್ಲೊಂದು ಜಗಳ ರೆಡಿಮೇಡ್ ಜೀನ್ಸಿನ ಮೇಲೂ ಇದೆ. ಮಕ್ಕಳ ಜೀನ್ಸನ್ನು ಚಿಕ್ಕ ಸೈಜಿನಿಂದ ದೊಡ್ಡ ಸೈಜಿಗೆ ಒಂದೇ ಸಮ ಹಿಗ್ಗಿಸಿ ಕತ್ತರಿಸಿದರೆ ಹನ್ನೆರಡರ ಹುಡುಗಿಗೆ ಹೇಗೆ ಕೂರುತ್ತದೆ? ಸೊಂಟಕ್ಕೆ ಸರಿಯಾದ ಸೈಜು ಹಿಪ್ಪಿನಲ್ಲಿ ಏರೋದಿಲ್ಲ, ಹಿಪ್ಪಿಗೆ ಸರಿಯಾದದ್ದು ಸೊಂಟದಲ್ಲಿ ಜಾರುತ್ತದೆ. ಟ್ರಯಲ್ ರೂಮಿನಿಂದ ಹುಡುಗಿ ಕಣ್ಣು ತುಂಬಿಕೊಂಡು ಬರುತ್ತಾಳೆ, ತನ್ನ ಮೈಯೇ ಸರಿಯಿಲ್ಲ ಅಂತ. ಕಟಿಂಗ್ ಸರಿಯಿಲ್ಲ ತಾಯಿ, ಮೈ ಸರಿಯಾಗೇ ಇದೆ. ದೊಡ್ಡ ಸೈಜು ತಗೊಂಡು ಬನ್ನಿ, ಸೊಂಟದ ಹಿಂದೆ ಎರಡು ಡಾರ್ಟ್, ಅಂದರೆ ಬಟ್ಟೆ ಮಡಿಸಿ ಬಿಗಿ ಮಾಡುವ ಹೊಲಿಗೆ, ಹಿಡಿದು ಕೊಡುತ್ತೇನೆ.

ತಂಗಿಯ ಮಗನಿಗೆ ಬರೋಣ. ಮಷೀನು ಹಸಿರು ಅಂದಿದ್ದಕ್ಕೆ ನಾನು ಟೇಪು ಹಿಡಿದೆ. ಒಂದು ಸುಲಭದ ಲೆಕ್ಕ ಇದೆ: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಐದಾರು ವರ್ಷ ದಾಟಿದ ಮಕ್ಕಳಿಗೂ ನಡೆಯುತ್ತದೆ, ನಮಗೂ ನಡೆಯುತ್ತದೆ. ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯೊಳಗೆ ಕರುಳು, ಲಿವರ್ ಸುತ್ತ ಸೇರುವ ಕೊಬ್ಬು ಅಪಾಯದ್ದು. ಅದರ ಸುಳಿವು ಸೊಂಟದಲ್ಲಿ ಸಿಗುತ್ತದೆ. ನನ್ನ ಮಗ 45 ಇಂಚು, ಸೊಂಟ 21. ಮಗಳು 58, ಸೊಂಟ 25. ಇಬ್ಬರೂ ಗೆರೆಯ ಒಳಗೇ. ತಂಗಿಯ ಮಗನ ಎತ್ತರ 54, ಅರ್ಧ 27, ಸೊಂಟ ಇಪ್ಪತ್ತೆಂಟೂವರೆ.

"ಅಕ್ಕಾ, ಅವನಿಗೆ ಕುತ್ತಿಗೆ ಹಿಂದೆ ಕೊಳೆ ಕೂತೈತೆ, ಎಷ್ಟ್ ತಿಕ್ಕಿದ್ರೂ ಹೋಗ್ತಿಲ್ಲ" ಅಂತ ತಂಗಿ ಅದೇ ಹೊತ್ತಿಗೆ ಹೇಳಿದಳು. ನೋಡಿದೆ. ಕಾಲರ್ ಕೂರುವ ಜಾಗದಲ್ಲಿ ಕಪ್ಪಗೆ, ಮಖಮಲ್ಲಿನ ಹಾಗೆ ದಪ್ಪ ಚರ್ಮ. ಅದು ಕೊಳೆಯಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹೀಗೆ ಕಾಣಿಸಬಹುದು. ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರೂ ಮೊದಲು ಮುಟ್ಟಿದ್ದು ಟೇಪನ್ನೇ. ಆಮೇಲೆ ಭಾರತದ ಮಕ್ಕಳ ವೈದ್ಯರ ಸಂಘ 2015ರಲ್ಲಿ ಹೊರಡಿಸಿದ ಚಾರ್ಟು ತೆಗೆದು ಅವನ ಚುಕ್ಕೆ ಇಟ್ಟರು. ಐದರಿಂದ ಹದಿನೆಂಟು ವರ್ಷದ ನಮ್ಮ ಮಕ್ಕಳಿಗಾಗಿಯೇ ಮಾಡಿದ ಚಾರ್ಟು ಅದು. ದಪ್ಪ ಅನ್ನುವ ಗೆರೆಯನ್ನು ಅದರಲ್ಲಿ ಭಾರತದ ದೊಡ್ಡವರ ಬಿಎಂಐ 23ಕ್ಕೆ ಹೊಂದಿಸಿದ್ದಾರೆ, ಬೊಜ್ಜಿನ ಗೆರೆಯನ್ನು 27ಕ್ಕೆ. ರಕ್ತ ಪರೀಕ್ಷೆ ಬರೆದುಕೊಟ್ಟರು. ಪಥ್ಯ ಗಿಥ್ಯ ಬೇಡ, ಬೆಳೆಯುವ ಹುಡುಗ, ತೂಕ ಇಳಿಸೋದು ಬೇಡ, ಏರದ ಹಾಗೆ ನೋಡಿಕೊಳ್ಳಿ, ಎತ್ತರ ಬಂದಂತೆ ಸರಿಹೋಗುತ್ತದೆ ಅಂದರು. ಬಾಟಲಿ ಜ್ಯೂಸು, ಪ್ಯಾಕೆಟ್ ತಿಂಡಿ ನಿಲ್ಲಿಸಿ, ಸಂಜೆ ಆಡೋಕೆ ಬಿಡಿ ಅಂತಲೂ ಹೇಳಿದರು. ಮಂಡಕ್ಕಿ ವಗ್ಗರಣೆ-ಮಿರ್ಚಿ ತಿನ್ನಬಹುದಾ ಅಂತ ಹುಡುಗ ತಾನೇ ಕೇಳಿದ. ಡಾಕ್ಟರು ನಕ್ಕರು, ವಗ್ಗರಣೆ ತಿನ್ನು, ಮಿರ್ಚಿ ಯಾವಾಗಾದರೂ ಒಂದು ಅಂದರು.

ನಮ್ಮ ಕಡೆಯವರು ತೆಳ್ಳಗಿದ್ದೇವೆ ಅಂತ ಸುಮ್ನೆ ಬೀಗುವ ಹಾಗೂ ಇಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಜೊತೆಗಾರರು ಪುಣೆ ಹತ್ತಿರದ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಸೌಥಾಂಪ್ಟನ್ನಿನ ಕೂಸುಗಳ ಜೊತೆ ಹೋಲಿಸಿ 2003ರಲ್ಲಿ ಬರೆದರು. ನಮ್ಮ ಕೂಸುಗಳು ಸರಾಸರಿ 2.7 ಕೆಜಿ, ಅಲ್ಲಿಯವು 3.5 ಕೆಜಿ. ಮಾಂಸಖಂಡ, ಹೊಟ್ಟೆಯ ಸುತ್ತಳತೆ ಎಲ್ಲ ನಮ್ಮವಕ್ಕೆ ಕಡಿಮೆ. ಬೆನ್ನಿನ ಮೇಲಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ತೂಕದಲ್ಲಿ ಸಣ್ಣ, ಒಳಗೆ ಕೊಬ್ಬು. ಮರುವರ್ಷ ಯಾಜ್ಞಿಕ್ ಅವರು ತಮ್ಮನ್ನೂ ಲಂಡನ್ನಿನ ಡಾ. ಯುಡ್ಕಿನ್ ಅವರನ್ನೂ ಅಕ್ಕಪಕ್ಕ ಇಟ್ಟು ಒಂದು ಫೋಟೋ ಛಾಪಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ಬಿಎಂಐ ನೋಡಿ ಹಸಿರು, ಕೆಂಪು ಹಚ್ಚುವ ಆ್ಯಪಿನವರು ಈ ಫೋಟೋ ಒಮ್ಮೆ ನೋಡಬೇಕು.

ಟೇಪು ಹಿಡಿಯುವವರಿಗೆ ಎರಡು ಮಾತು. ಸೊಂಟ ಅಂದರೆ ಪ್ಯಾಂಟು ಕೂರುವ ಜಾಗವಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಿನ ಅಂಚಿಗೂ ನಟ್ಟನಡುವೆ. ಮಗು ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳತೆ ಹಿಡಿಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳೋದು ಮಕ್ಕಳಿಗೆ ಚೆನ್ನಾಗಿ ಬರುತ್ತದೆ, ಏನಾದರೂ ಮಾತಾಡಿಸಿ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಬಟ್ಟೆಯ ಟೇಪು ಹಳತಾದರೆ ಹಿಗ್ಗುತ್ತದೆ, ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ದಿನಾ ಅಳೆಯಬೇಡಿ. ಬಟ್ಟೆ ಹೊಲಿಸುವ ನೆಪದಲ್ಲಿ ಆರು ತಿಂಗಳಿಗೊಮ್ಮೆ ಸಾಕು, ಮಗುವಿಗೂ ಇದೊಂದು ಪರೀಕ್ಷೆ ಅಂತ ಅನ್ನಿಸೋದಿಲ್ಲ.

ಕಂಪನಿಯವರಿಗೆ ಬರೆದೆ. ಹದಿನೆಂಟರ ಕೆಳಗೆ ವಯಸ್ಸು ಹಾಕಿದರೆ ತೂಕ ಮಾತ್ರ ತೋರಿಸಿ, ಉಳಿದ ಸಾಲು ಖಾಲಿ ಬಿಡಿ ಅಂತ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಅಂತ ಉತ್ತರ ಬಂತು, ಜೊತೆಗೆ ಮುಂದಿನ ಖರೀದಿಗೆ ಒಂದು ಕೂಪನ್. ಆ್ಯಪು ಇವತ್ತಿಗೂ ಹಾಗೇ ಇದೆ. ಹಿರಿಯರಿರುವ ಮನೆಗೆ ಇನ್ನೊಂದು ವಿಷಯ: ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇಂಥ ಮಷೀನು ಹತ್ತಬಾರದು. ಚೀಟಿಯಲ್ಲಿ ಬಸುರಿಯರಿಗೂ ಬೇಡ ಅಂತ ಬರೆದಿದೆ.

ಈಗಾಗಲೇ ಕೊಂಡಿದ್ದರೆ ಬಿಸಾಕಬೇಕಿಲ್ಲ. ಆ್ಯಪಿನಿಂದ ಮಕ್ಕಳ ಪ್ರೊಫೈಲ್ ತೆಗೆದುಹಾಕಿ. ಫೋನಿನ ಬ್ಲೂಟೂತ್ ಆಫ್ ಮಾಡಿದರೆ ಗಾಜಿನ ಮೇಲೆ ಬರೀ ತೂಕ ಬರುತ್ತದೆ. ಕಾಲಿಗೆ ಸಾಕ್ಸ್ ಹಾಕಿಕೊಂಡು ಹತ್ತಿದರೂ ಅಷ್ಟೇ, ಕರೆಂಟು ಹೋಗೋದಿಲ್ಲ, ಕೊಬ್ಬಿನ ಲೆಕ್ಕ ಬರೋದಿಲ್ಲ. ನಮ್ಮ ಮನೆಯಲ್ಲಿ ಮಕ್ಕಳು ಈಗ ಸಾಕ್ಸ್ ಹಾಕಿಕೊಂಡೇ ಹತ್ತುತ್ತಾರೆ.